ನಮ್ಮ ಪಟ್ಟಣ ಪಂಚಾಯಿತಿ ಒಂದು ವರ್ಷ ಏನು ಮಾಡಿತು? ನಡಾವಳಿ ಓದಿ ತಲೆ ಕೆಟ್ಟಿದೆ

ಹಳೇ ಬಸ್‌ಸ್ಟ್ಯಾಂಡ್

ಎಲ್ಲರಿಗೂ ನಮಸ್ಕಾರ. ನಮ್ಮದು ಬಯಲುಸೀಮೆಯ ಸಣ್ಣ ಊರು, ಪಟ್ಟಣ ಪಂಚಾಯಿತಿ. ಊರ ಹೆಸರು ಬೇಡ. ಇಲ್ಲಿ ನಮ್ಮೂರಿನವರೂ ಓದುತ್ತಾರೆ, ನಾಳೆ ಟೀ ಅಂಗಡಿಯಲ್ಲಿ ನನ್ನನ್ನು ಹಿಡಿದುಕೊಳ್ಳುತ್ತಾರೆ.

2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ಸಭೆಗಳ ನಡಾವಳಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿದೆ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಕೊಟ್ಟರು, ಜಾಸ್ತಿ ಸತಾಯಿಸಲಿಲ್ಲ.

ಪ್ರತಿ ಸಭೆಯ ಮೊದಲ ವಿಷಯ 'ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವ ಬಗ್ಗೆ'. ಎರಡನೆಯದು 'ಜಮಾ ಖರ್ಚಿಗೆ ಒಪ್ಪಿಗೆ ಪಡೆಯುವ ಬಗ್ಗೆ'. ಕೊನೆಯದು 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು'. ನಡುವೆ ಇರುವುದೆಲ್ಲ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್, ಬ್ಲೀಚಿಂಗ್ ಪೌಡರ್, ಬೀದಿದೀಪದ ಸಾಮಾನು, ಆಮೇಲೆ ಮತ್ತೆ ಮೋಟಾರ್ ರಿವೈಂಡಿಂಗ್. ಎಷ್ಟೋ ವಿಷಯಗಳ ಮುಂದೆ 'ಘಟನೋತ್ತರ ಮಂಜೂರಾತಿ' ಅಂತ ಬರೆದಿದೆ. ಅಂದರೆ ಖರ್ಚು ಮಾಡಿ ಆಗಿದೆ, ಈಗ ಕೈ ಎತ್ತಿ ಅಂತ.

ಹೈಸ್ಕೂಲ್ ರಸ್ತೆಯಲ್ಲಿ ಸೈಕಲ್ ಹೊಡೆಯಲು ಆಗುವುದಿಲ್ಲ. ಕೇಳಿದರೆ ದುಡ್ಡಿಲ್ಲ ಅಂತಾರೆ. ಅದೇ ವರ್ಷ ಹೊಸ ಕಸದ ಟಿಪ್ಪರ್ ಬಂದು ನಿಂತಿದೆ. ಇದು ಯಾವ ಲೆಕ್ಕ? ನಿಮ್ಮೂರಲ್ಲೂ ಹೀಗೇನಾ? ಈ ಸದಸ್ಯರು ವರ್ಷಪೂರ್ತಿ ನಿಜವಾಗಿ ಮಾಡುವುದಾದರೂ ಏನು?

ಗುಂಡಿ ಮೇಷ್ಟ್ರು

ಟಿಪ್ಪರ್‌ನಲ್ಲಿ ಹಾಡು ಬರುತ್ತದಲ್ಲ, ಅದೇ ಅವರ ಸಾಧನೆ.

ಬಿಸಿಲೂರು ಹುಡುಗ

ನಮ್ಮಲ್ಲೂ ಅದೇ ರೀ. ಒಂದೇ ವ್ಯತ್ಯಾಸ, ನಮ್ಮಲ್ಲಿ ನಡಾವಳಿ ಕೇಳಿದರೆ 'ಕಡತ ಲಭ್ಯವಿಲ್ಲ' ಅಂತ ಹಿಂಬರಹ ಬರುತ್ತದೆ.

ನಿವೃತ್ತ ಗುಮಾಸ್ತ

ಬಸ್‌ಸ್ಟ್ಯಾಂಡ್ ಅವರೇ, ನಡಾವಳಿ ತೆಗೆಸಿ ಓದಿದ್ದೀರಿ, ಅದಕ್ಕೇ ಮೊದಲು ಶಹಭಾಸ್. ನಾನು ಇಂಥ ಆಫೀಸುಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಯಾವ ಊರುಗಳು ಅಂತ ಹೇಳುವುದಿಲ್ಲ.

ಟಿಪ್ಪರ್ ಲೆಕ್ಕ ಸುಲಭ. ಆ ವರ್ಷ ಕೇಂದ್ರದ 15ನೇ ಹಣಕಾಸು ಆಯೋಗದ ದುಡ್ಡು ನಮ್ಮಂಥ ಸಣ್ಣ ಊರುಗಳಿಗೆ ಎರಡು ಗಂಟಾಗಿ ಬರುತ್ತಿತ್ತು. ಶೇ 60 ನಿರ್ಬಂಧಿತ, ಶೇ 40 ಮುಕ್ತ. ನಿರ್ಬಂಧಿತದ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲಿನಂಥ ಕೆಲಸಕ್ಕೆ. ಇನ್ನರ್ಧ ಕಸ ಮತ್ತು ನೈರ್ಮಲ್ಯಕ್ಕೆ. ಆ ದುಡ್ಡಲ್ಲಿ ಟಿಪ್ಪರ್ ತರಬಹುದಿತ್ತು. ಹೈಸ್ಕೂಲ್ ರಸ್ತೆಗೆ ಒಂದು ಬುಟ್ಟಿ ಜಲ್ಲಿ ಹಾಕಿಸಿದರೂ ಆಡಿಟ್‌ನಲ್ಲಿ ಆಕ್ಷೇಪಣೆ. ಮುಕ್ತ ಅಂತ ಹೆಸರಿದ್ದ ಶೇ 40ನ್ನೂ ಸಂಬಳಕ್ಕೆ ಬಳಸುವ ಹಾಗಿರಲಿಲ್ಲ.

ಉಳಿದದ್ದು ರಾಜ್ಯ ಹಣಕಾಸು ಆಯೋಗದ್ದು, ನಾವು ಎಸ್‌ಎಫ್‌ಸಿ ಅನ್ನುವುದು. ಅದರಲ್ಲಿ ವೇತನ, ವಿದ್ಯುತ್ ಬಿಲ್ಲು ಅಂತ ಬೇರೆ ಬೇರೆ ತಲೆ, ಅಂದರೆ ಲೆಕ್ಕದ ಶೀರ್ಷಿಕೆ. ಆಮೇಲೆ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು. ಅದು ಸರಿಯಾದ್ದೇ, ಯಾರೂ ತಕರಾರು ಮಾಡಬಾರದು. ನಾನು ಹೇಳುವುದು ಇಷ್ಟೇ. ದುಡ್ಡು ಆಫೀಸಿನ ಬಾಗಿಲಿಗೆ ಬರುವಷ್ಟರಲ್ಲಿ ಅದರ ಮೇಲೆ ಚೀಟಿ ಅಂಟಿಸಿ ಆಗಿರುತ್ತದೆ. ಸಭೆಯಲ್ಲಿ ಮೇಜು ಕುಟ್ಟಿದರೆ ಚೀಟಿ ಬದಲಾಗುವುದಿಲ್ಲ.

ಇನ್ನು ಘಟನೋತ್ತರ. ರಾತ್ರಿ ಮೋಟಾರ್ ಸುಟ್ಟುಹೋಗುತ್ತದೆ. ಬೆಳಿಗ್ಗೆ ಎರಡು ವಾರ್ಡಿಗೆ ನೀರಿಲ್ಲ. ಮುಂದಿನ ತಿಂಗಳ ಸಭೆಗೆ ಕಾಯುತ್ತೀರಾ? ಆ ಕ್ಷಣಕ್ಕೆ ಲಾರಿ ಕರೆಸಿ, ಕೊಳವೆ ಎತ್ತಿಸಿ, ಮೋಟಾರ್ ಕಳಿಸಲೇಬೇಕು. ಆಮೇಲೆ ಕಾಗದ. ಹಾಗಂತ ಎಲ್ಲ ಘಟನೋತ್ತರವೂ ಹೀಗೇ ಅಂತ ನಾನು ಸರ್ಟಿಫಿಕೇಟ್ ಕೊಡುವುದಿಲ್ಲ. ಬ್ಲೀಚಿಂಗ್ ಪೌಡರ್‌ಗೆ ಯಾವ ತುರ್ತು ಇರುತ್ತದೆ? ಅಲ್ಲಿ ಕಣ್ಣಿಡಿ.

ಶೆಟ್ಟರ ಅಂಗಡಿ

ಗುಮಾಸ್ತರೇ, ಬಹಳ ಚೆನ್ನಾಗಿ ಬಿಡಿಸಿ ಹೇಳಿದಿರಿ. ಆದರೆ ನಾವು ಕಟ್ಟುವ ಆಸ್ತಿ ತೆರಿಗೆ? ಅದರ ಮೇಲೂ ಚೀಟಿ ಇದೆಯಾ? ನಾನು ಪ್ರತಿ ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಸಿಗುತ್ತದೆ ಅಂತ ಸಾಲಿನಲ್ಲಿ ನಿಂತು ಕಟ್ಟುವವನು. ಪಕ್ಕದ ಅಂಗಡಿಯವನು ಕಟ್ಟುವುದೇ ಇಲ್ಲ. ಇಬ್ಬರ ಬಾಗಿಲ ಮುಂದೆಯೂ ಒಂದೇ ಚರಂಡಿ, ಒಂದೇ ನಾತ.

ನಿವೃತ್ತ ಗುಮಾಸ್ತ

ಶೆಟ್ಟರೇ, ತೆರಿಗೆ ಊರಿನದೇ. ರಶೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಇರುತ್ತದೆ. ಆ ಕರಗಳನ್ನು ವಸೂಲಿ ಮಾಡಿ ಅವರವರಿಗೆ ಕಟ್ಟಬೇಕು. ಮೂಲ ತೆರಿಗೆ ಉಳಿಯುತ್ತದೆ. ಪಕ್ಕದ ಅಂಗಡಿಯವರು ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ ಬೀಳುತ್ತದೆ. ಕಾಗದದ ಮೇಲೆ. ವಸೂಲಿಗೆ ಹೋಗುವ ಬಿಲ್ ಕಲೆಕ್ಟರ್‌ಗೆ ಅವರ ವಾರ್ಡಿನ ಸದಸ್ಯರಿಂದ ಫೋನು ಬರುತ್ತದೆ. 'ಪಾಪ, ಸ್ವಲ್ಪ ನೋಡಿಕೊಂಡು ಹೋಗಪ್ಪ' ಅಂತ.

ಗುಂಡಿ ಮೇಷ್ಟ್ರು

ಹಾಂ, ಈಗ ಬಂತು ನೋಡಿ. ಅಂದರೆ ಸದಸ್ಯರು ಕೆಲಸ ಮಾಡುತ್ತಾರೆ. ಫೋನಿನಲ್ಲಿ.

ತುಂಗೆಯ ದಡ

ಎಲ್ಲರೂ ಸದಸ್ಯರನ್ನೇ ಬೈಯುತ್ತೀರಲ್ಲ. ಆ ವರ್ಷದಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅವರಿಗೆ ಕುರ್ಚಿಯೇ ಇರಲಿಲ್ಲ ಅನ್ನುವುದು ಯಾರಿಗೂ ನೆನಪಿಲ್ಲವಾ? 2018ರ ಆಗಸ್ಟ್ 31ಕ್ಕೆ ವೋಟು ಹಾಕಿದ ನೂರಕ್ಕೂ ಹೆಚ್ಚು ಊರುಗಳ ಕಥೆ ತೆಗೆಯಿರಿ. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಗೆದ್ದವರು ಎರಡು ವರ್ಷ ಸುಮ್ನೆ ಕೂತರು. ಅಧ್ಯಕ್ಷರು ಬಂದದ್ದು 2020ರ ಕೊನೆಗೆ. ಅಧ್ಯಕ್ಷರ ಮೊದಲ ಮೂವತ್ತು ತಿಂಗಳ ಅವಧಿ 2023ರ ಮೇ ಹೊತ್ತಿಗೆ ಮುಗಿಯಿತು. ಮತ್ತೆ ಪಟ್ಟಿ ಇಲ್ಲ. 2024ರ ಆಗಸ್ಟ್‌ನಲ್ಲಿ ಪಟ್ಟಿ ಬಂತು. ಅಲ್ಲಿಯವರೆಗೆ ಆಡಳಿತಾಧಿಕಾರಿಯದ್ದೇ ಕಾರುಬಾರು. ನಮ್ಮಲ್ಲಿ ತಹಸೀಲ್ದಾರರು. ಅವರಿಗೆ ಅವರದ್ದೇ ಸಾವಿರ ಕೆಲಸ. ನಮ್ಮ ಕಡತದ ಸರದಿ ಬರುವುದು ಸಂಜೆ ಮೇಲೆ.

ಹಳೇ ಬಸ್‌ಸ್ಟ್ಯಾಂಡ್

ಹೌದು, ಅದು ನನ್ನ ಪ್ರತಿಯಲ್ಲೂ ಕಾಣುತ್ತದೆ. ಆ ತಿಂಗಳುಗಳಲ್ಲಿ ಚರ್ಚೆಯೇ ಇಲ್ಲ. 'ಪರಿಶೀಲಿಸಿ ಅನುಮೋದಿಸಲಾಯಿತು', ಒಂದೇ ಸಾಲು. ಸೆಪ್ಟೆಂಬರ್ ಆದಮೇಲೆ ಜಗಳ ಬರುತ್ತದೆ. ನಿಜ ಹೇಳಬೇಕೆಂದರೆ ಆ ಜಗಳ ಓದಲು ಖುಷಿಯಾಯಿತು.

ಕೃಷ್ಣಾ ತೀರ

ತುಂಗೆಯ ದಡದವರೇ, ಹಾಗಿದ್ದರೆ ಅವರ ಐದು ವರ್ಷ 2023ಕ್ಕೇ ಮುಗಿಯಬೇಕಿತ್ತಲ್ಲ? ಗೆದ್ದದ್ದು 2018.

ತುಂಗೆಯ ದಡ

ಇಲ್ಲ ಸಾರ್. ಸಂವಿಧಾನದ 243ಯು ವಿಧಿ ನೋಡಿ. ಐದು ವರ್ಷದ ಲೆಕ್ಕ ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ ಶುರು. ವೋಟಿನ ದಿನದಿಂದಲ್ಲ. ಹಾಗಾಗಿ ಮೊದಲೆರಡು ವರ್ಷ ಅವರ ಲೆಕ್ಕಕ್ಕೆ ಬರಲಿಲ್ಲ, ಊರಿನ ಲೆಕ್ಕದಲ್ಲಿ ಹೋಯಿತು.

ಮಾರ್ಕೆಟ್ ಅಕ್ಕ

ನೀವೆಲ್ಲ ಆಯೋಗ, ಕಲಂ ಅಂತ ಮಾತಾಡುತ್ತೀರಿ. ನನಗೆ ಗೊತ್ತಿರುವ ಪಂಚಾಯಿತಿ ಅಂದರೆ ಸಂತೆ ಸುಂಕ.

ಮಾರ್ಚ್‌ನಲ್ಲಿ ಸಂತೆ ಹರಾಜು ನಡೆಯುತ್ತದೆ. ನಮ್ಮಲ್ಲಿ ಆಫೀಸಿನ ಮುಂದೆ ಶಾಮಿಯಾನ ಹಾಕಿ, ಮುಖ್ಯಾಧಿಕಾರಿ ಮೇಜು ಇಟ್ಟುಕೊಂಡು ಕೂರುತ್ತಾರೆ. ಠೇವಣಿ ಡಿಡಿ ಕೊಟ್ಟವರಷ್ಟೇ ಒಳಗೆ. ಹರಾಜು ಕೂಗುವವನು 'ಒಂದನೇ ಸಾರಿ, ಎರಡನೇ ಸಾರಿ' ಅಂದು ಒಂದು ಬೀಡಿ ಸೇದುವಷ್ಟು ಹೊತ್ತು ನಿಲ್ಲುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಹಿಂದಿನ ರಾತ್ರಿಯೇ ಅವರವರಲ್ಲಿ ಮಾತಾಗಿರುತ್ತದೆ, ಇದು ನಿನಗೆ, ಬಸ್‌ಸ್ಟ್ಯಾಂಡ್ ಶೌಚಾಲಯ ನನಗೆ ಅಂತ. ಕಡಿಮೆ ಮೊತ್ತಕ್ಕೆ ಹೋಗುತ್ತದೆ.

ಆಮೇಲೆ ಸೋಮವಾರ ನಾನು ಸೊಪ್ಪಿನ ಕಟ್ಟು ಇಳಿಸಿದ ಕೂಡಲೇ ಬರುತ್ತಾನೆ. ರಶೀದಿಯಲ್ಲಿ ಒಂದು ದರ, ಕೈಗೆ ಕೇಳುವುದು ಒಂದು ದರ. ದರಪಟ್ಟಿ ಬೋರ್ಡು ಹಾಕಬೇಕು ಅಂತ ಹರಾಜಿನ ಷರತ್ತಿನಲ್ಲೇ ಇದೆ. ಬೋರ್ಡು ನಾನು ಕಂಡಿಲ್ಲ. ಕೇಳಿದರೆ 'ಮಳೆಗೆ ಬಿದ್ದುಹೋಯಿತು ಅಕ್ಕ' ಅಂತಾನೆ.

ಇದನ್ನು ಯಾವ ಸದಸ್ಯರಾದರೂ ಸಭೆಯಲ್ಲಿ ಎತ್ತಿದ್ದಾರಾ, ಬಸ್‌ಸ್ಟ್ಯಾಂಡ್ ಅಣ್ಣ? ನಿಮ್ಮ ಕಾಗದದಲ್ಲಿ ಹುಡುಕಿ ಹೇಳಿ.

ಹಳೇ ಬಸ್‌ಸ್ಟ್ಯಾಂಡ್

ಅಕ್ಕ, ನಮ್ಮೂರಿನ ಕಾಗದದಲ್ಲಿ ಸಂತೆಯ ಬಗ್ಗೆ ಒಂದೇ ಠರಾವು. 'ಸರ್ಕಾರಿ ಸವಾಲಿಗಿಂತ ಹೆಚ್ಚು ಬಂದಿರುವುದರಿಂದ ಸರ್ವಾನುಮತದಿಂದ ಅಂಗೀಕರಿಸಲಾಯಿತು.' ಸರ್ಕಾರಿ ಸವಾಲು ಅಂದರೆ ಹರಾಜಿಗೆ ಮೊದಲೇ ಗೊತ್ತುಮಾಡಿದ ಕನಿಷ್ಠ ಮೊತ್ತ. ಯಾರೂ ಒಂದು ಮಾತೂ ಆಡಿಲ್ಲ. ಬೀದಿದೀಪಕ್ಕೆ ಎರಡು ಪುಟ ಜಗಳ ಇದೆ.

ನಿವೃತ್ತ ಗುಮಾಸ್ತ

ಅಕ್ಕ ಹೇಳಿದ್ದು ಈ ಚರ್ಚೆಯಲ್ಲೇ ಅತಿ ಮುಖ್ಯವಾದ ಮಾತು. ಚೀಟಿ ಅಂಟದ ದುಡ್ಡು ಊರಿಗೆ ಎಲ್ಲಿಂದ ಬರುತ್ತದೆ? ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಸಂತೆ ಹರಾಜು, ಟ್ರೇಡ್ ಲೈಸೆನ್ಸ್. ಇಷ್ಟೇ. ಇದರಲ್ಲಿ ಕೌನ್ಸಿಲ್‌ನ ಮಾತು ನಡೆಯುತ್ತದೆ. ಹೈಸ್ಕೂಲ್ ರಸ್ತೆಯ ಗುಂಡಿ ಮುಚ್ಚುವ ದುಡ್ಡೂ ಇಲ್ಲೇ ಇದೆ. ಎಷ್ಟೋ ಊರುಗಳಲ್ಲಿ ಪಂಚಾಯಿತಿ ಮಳಿಗೆ ಹಳೇ ಬಾಡಿಗೆಗೇ ನಡೆಯುತ್ತಿರುತ್ತದೆ. ಹಿಡಿದವನು ಒಬ್ಬ, ಒಳಗೆ ಅಂಗಡಿ ಇಟ್ಟವನು ಇನ್ನೊಬ್ಬ, ನಡುವಿನ ಲಾಭ ಮೂರನೆಯವನಿಗೆ. ಜನ ಇದನ್ನು ಕೇಳುವುದಿಲ್ಲ. ಕೈಯಲ್ಲಿ ಇಲ್ಲದ ದುಡ್ಡಿಗಾಗಿ ಮುತ್ತಿಗೆ ಹಾಕುತ್ತಾರೆ.

ಶೆಟ್ಟರ ಅಂಗಡಿ

ಮಳಿಗೆ ಬಾಡಿಗೆಯ ವಿಷಯ ಸುಮ್ನೆ ಎತ್ತಬೇಡಿ ಗುಮಾಸ್ತರೇ. ಒಂದು ದಿನಕ್ಕೆ ಬಾಡಿಗೆ ದುಪ್ಪಟ್ಟು ಮಾಡಿದರೆ ನಾವು ಎಲ್ಲಿಗೆ ಹೋಗಬೇಕು? ಆ ಮಳಿಗೆಗೆ ಬಣ್ಣ ಬಳಿದು ಎಷ್ಟು ವರ್ಷ ಆಯಿತು, ಹೇಳಿ. ಮೇಲಿನಿಂದ ಸೋರುತ್ತದೆ, ಅಕ್ಕಿ ಮೂಟೆಯ ಮೇಲೆ ಟಾರ್ಪಾಲ್ ಹಾಕಿಕೊಂಡು ವ್ಯಾಪಾರ ಮಾಡುತ್ತಿದ್ದೇವೆ.

ಮಾರ್ಕೆಟ್ ಅಕ್ಕ

ಶೆಟ್ರೇ, ನಿಮಗೆ ಮೇಲಿನಿಂದ ಸೋರಲು ಸೂರಾದರೂ ಇದೆ.

ಗುಂಡಿ ಮೇಷ್ಟ್ರು

😂😂 ಅಕ್ಕನಿಗೆ ಟಿಕೆಟ್ ಕೊಡಿ ಯಾರಾದರೂ.

ಲಾಯರ್ ಗಿರಿಯ ಗೆಳೆಯ

ಮಾರ್ಕೆಟ್ ಅಕ್ಕ, ಒಂದು ಮಾಹಿತಿ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ ಪ್ರತಿ ಊರಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40 ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅದೂ ನೀವು ನೀವೇ ಚುನಾಯಿಸಿದವರು. ನಿಮ್ಮೂರಲ್ಲಿ ಸಮಿತಿ ಕೊನೆಯ ಸಾರಿ ಯಾವಾಗ ಸೇರಿತು ಅಂತ ಬರಹದಲ್ಲಿ ಕೇಳಿ. ಆ ಪ್ರಶ್ನೆಗೆ ಆಫೀಸಿನಲ್ಲಿ ಸ್ವಲ್ಪ ಬಿಸಿ ಆಗುತ್ತದೆ.

ಕಡಲತಡಿ

ನಮ್ಮ ಉತ್ತರ ಕನ್ನಡದ ಕಡೆಯಿಂದ ಗೋವಾ ದಾಟಿ ಸ್ವಲ್ಪ ಮೇಲೆ ಹೋದರೆ ವೆಂಗುರ್ಲಾ ಸಿಗುತ್ತದೆ ಮಾರಾಯ್ರೆ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ. ಸಣ್ಣ ಊರು. ಅವರು ಕಸ ಸುರಿಯುತ್ತಿದ್ದ ಜಾಗವನ್ನೇ ಉದ್ಯಾನದ ಹಾಗೆ ಮಾಡಿ, ಜನ ನೋಡಲು ಬರುವ ಹಾಗೆ ಮಾಡಿದ್ದಾರೆ. ಮನೆಯಲ್ಲೇ ಬೇರೆ ಮಾಡಿದ ಕಸ ಮಾತ್ರ ತೆಗೆದುಕೊಳ್ಳುವುದು. ಟಿಪ್ಪರ್ ಕೊಂಡರೆ ಸಾಲದು, ಅದು ಹೋಗಿ ಸುರಿಯುವ ಜಾಗದಲ್ಲಿ ಏನಾಗುತ್ತದೆ ಅಂತ ಯಾರಾದರೂ ನೋಡಿದ್ದೀರಾ?

ಬಿಸಿಲೂರು ಹುಡುಗ

ನೋಡಿದ್ದೇನೆ. ಹಸಿ ಕಸ, ಒಣ ಕಸ ಬೇರೆ ಬೇರೆ ಡಬ್ಬಿಯಲ್ಲಿ ಕೊಟ್ಟರೆ ಟಿಪ್ಪರ್‌ನಲ್ಲಿ ಎರಡನ್ನೂ ಒಟ್ಟಿಗೆ ಸುರಿಯುತ್ತಾರೆ. ನಮ್ಮ ತಾಯಿ ಹಸಿರು, ನೀಲಿ ಅಂತ ಶಿಸ್ತಾಗಿ ಎತ್ತಿಡುತ್ತಾರೆ. ಅವರಿಗೆ ನಾನು ಇನ್ನೂ ಈ ವಿಷಯ ಹೇಳಿಲ್ಲ.

ಸರೋಜಮ್ಮನ ಮಗಳು

ಇಲ್ಲಿ ಯಾರೂ ಪೌರಕಾರ್ಮಿಕರ ಮಾತೇ ಎತ್ತಲಿಲ್ಲ. ನಮ್ಮ ತಾಯಿ ಇದೇ ಕೆಲಸ ಮಾಡಿದವರು. 700 ಜನಕ್ಕೆ ಒಬ್ಬರು ಅಂತ ಸರ್ಕಾರದ ಲೆಕ್ಕ. ರಜೆ ಹಾಕಿದವರು, ಆಫೀಸರ ಮನೆಗೆ ಹಾಕಿಸಿಕೊಂಡವರು, ಕಾಯಿಲೆ ಬಿದ್ದವರನ್ನು ಕಳೆದರೆ ಬೀದಿಯಲ್ಲಿ ಉಳಿಯುವವರು ಎಷ್ಟು? ಬೇರೆ ಮಾಡಿದ ಕಸ ಒಟ್ಟಿಗೆ ಸುರಿಯುತ್ತಾರೆ ಅಂತ ಬರೆದಿದ್ದೀರಿ. ಟಿಪ್ಪರ್‌ನಲ್ಲಿ ನಡುವಿನ ತಗಡು ಕಿತ್ತುಹೋಗಿ ತಿಂಗಳಾದರೂ ವೆಲ್ಡಿಂಗ್ ಮಾಡಿಸಿರುವುದಿಲ್ಲ. ಹತ್ತಿರ ಹೋಗಿ ನೋಡಿ.

ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನಾಚರಣೆ. ಶಾಲು ಹೊದಿಸುತ್ತಾರೆ, ಊಟ ಹಾಕಿಸುತ್ತಾರೆ, ಫೋಟೋ ತೆಗೆಯುತ್ತಾರೆ. 24ಕ್ಕೆ ಕೈಗವಸು ಕೇಳಿದರೆ 'ಇಂಡೆಂಟ್ ಹೋಗಿದೆ' ಅಂತ ಉತ್ತರ.

ಬಿಸಿಲೂರು ಹುಡುಗ

ಕ್ಷಮಿಸಿ ಅಕ್ಕ, ಕಾರ್ಮಿಕರನ್ನು ಬೈಯುವ ಉದ್ದೇಶ ಇರಲಿಲ್ಲ. ತಗಡಿನ ವಿಷಯ ನಿಜಕ್ಕೂ ಗೊತ್ತಿರಲಿಲ್ಲ.

ಕೃಷ್ಣಾ ತೀರ

ನನ್ನ ಪ್ರಕಾರ ತಪ್ಪು ಆಗಿದ್ದೇ ಊರನ್ನು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿ ಮಾಡಿದ್ದರಲ್ಲಿ. ನಮ್ಮಲ್ಲಿ ಬ್ಯಾನರ್ ಕಟ್ಟಿ ಪಟಾಕಿ ಹೊಡೆದೆವು. ಆಮೇಲೆ ಗೊತ್ತಾಯಿತು, ಉದ್ಯೋಗ ಖಾತ್ರಿ ಹೋಯಿತು. ಹೊಲದ ಬದು, ಕೃಷಿಹೊಂಡ, ದನದ ಕೊಟ್ಟಿಗೆ, ಎಲ್ಲ ಆ ದುಡ್ಡಲ್ಲೇ ಆಗುತ್ತಿತ್ತು. ಗ್ರಾಮಸಭೆಯೂ ಹೋಯಿತು. ಗ್ರಾಮಸಭೆ ಎಷ್ಟೇ ಗಲಾಟೆ ಇರಲಿ, ಮೈಕ್ ಹಿಡಿದು ಅಧ್ಯಕ್ಷರನ್ನು ಎದುರಿಗೇ ಕೇಳಬಹುದಿತ್ತು. ತೆರಿಗೆ ಮಾತ್ರ ಜಾಸ್ತಿ ಆಯಿತು. ನಮ್ಮೂರಲ್ಲಿ ಅರ್ಧ ಜನ ಈಗಲೂ ಹೊಲಕ್ಕೆ ಹೋಗುವವರು, ಇದ್ಯಾವ ಪಟ್ಟಣ ರೀ?

ತುಂಗೆಯ ದಡ

ಇದು ಒಪ್ಪುವುದಿಲ್ಲ. ಹತ್ತು ಸಾವಿರ ಜನ ದಾಟಿದ ಊರಿಗೆ ಲೇಔಟ್, ಒಳಚರಂಡಿ, ಟ್ರಾಫಿಕ್, ಬಹುಮಹಡಿ ಕಟ್ಟಡ ಎಲ್ಲ ಬರುತ್ತದೆ. ಪಿಡಿಒ, ಅಂದರೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಒಬ್ಬರು ಅದನ್ನೆಲ್ಲ ಹಿಡಿದು ನಿಲ್ಲಿಸಲು ಆಗುತ್ತದಾ? ಗ್ರಾಮ ಪಂಚಾಯಿತಿ ಇದ್ದಾಗ ಕೊಟ್ಟ ಖಾತೆಗಳ ಗೋಜಲನ್ನೇ ಇವತ್ತಿಗೂ ಬಿಡಿಸುತ್ತಿದ್ದೇವೆ.

ಕೃಷ್ಣಾ ತೀರ

ಪಿಡಿಒ ಕೈಲಾಗದ್ದು ಮುಖ್ಯಾಧಿಕಾರಿ ಕೈಲಿ ಆಗಿದೆಯಾ? ನಮ್ಮಲ್ಲಿ ಅವರು ಎರಡು ಊರಿಗೆ ಪ್ರಭಾರ. ಮಂಗಳವಾರ ಇಲ್ಲಿದ್ದರೆ ಬುಧವಾರ ಅಲ್ಲಿ.

ಅಟ್ಲಾಂಟಿಕ್ ಆಚೆ

ನಾನು ಅಮೆರಿಕದ ಮ್ಯಾಸಚೂಸೆಟ್ಸ್‌ನ ಸಣ್ಣ ಊರಿನಲ್ಲಿದ್ದೇನೆ. ಇಲ್ಲಿ ಟೌನ್ ಮೀಟಿಂಗ್ ಅಂತ ಇದೆ. ಮತದಾರರ ಪಟ್ಟಿಯಲ್ಲಿ ಇರುವ ಯಾರು ಬೇಕಾದರೂ ಬಂದು ಊರಿನ ಬಜೆಟ್‌ಗೆ ನೇರವಾಗಿ ವೋಟು ಹಾಕಬಹುದು. 6,000ಕ್ಕಿಂತ ಕಡಿಮೆ ಜನ ಇರುವ ಟೌನ್‌ಗಳಲ್ಲಿ ಪ್ರತಿನಿಧಿಗಳ ಸಭೆ ಮಾಡುವ ಹಾಗೇ ಇಲ್ಲ, ಎಲ್ಲರಿಗೂ ತೆರೆದಿರಬೇಕು. ಶಾಲೆಯ ಹಾಲ್‌ನಲ್ಲಿ ಕೂತು ಒಂದು ಹಿಮ ಗುಡಿಸುವ ಗಾಡಿ ಕೊಳ್ಳಬೇಕಾ ಬೇಡವಾ ಅಂತ ರಾತ್ರಿವರೆಗೆ ವಾದ ಮಾಡುತ್ತಾರೆ. ನನಗೆ ಪೌರತ್ವ ಇಲ್ಲ, ಹಾಗಾಗಿ ವೋಟಿಲ್ಲ, ಹಿಂದಿನ ಸಾಲಿನಲ್ಲಿ ಕೂತು ನೋಡುತ್ತೇನೆ. ಬರುವವರು ಬಹುಪಾಲು ನಿವೃತ್ತರು. ಚಿಕ್ಕ ಮಕ್ಕಳಿರುವವರು ಬರುವುದೇ ಇಲ್ಲ.

ಸ್ಕಾಟ್ಲೆಂಡ್ ಸೀನ

ಇಲ್ಲಿನದೂ ಹೇಳುತ್ತೇನೆ. ಸ್ಕಾಟ್ಲೆಂಡಿನಲ್ಲಿ 1973ರ ಕಾಯ್ದೆಯಿಂದ ಬಂದ ಸಮುದಾಯ ಕೌನ್ಸಿಲ್‌ಗಳಿವೆ. ತೆರಿಗೆ ಹಾಕುವ ಅಧಿಕಾರ ಇಲ್ಲ, ಸದಸ್ಯರಿಗೆ ಸಂಬಳ ಇಲ್ಲ. ಊರಲ್ಲಿ ಯಾರಾದರೂ ಕಟ್ಟಡ ಕಟ್ಟಲು ಅರ್ಜಿ ಹಾಕಿದರೆ ಇವರು ಅಭಿಪ್ರಾಯ ಹೇಳಬಹುದು. ನಮ್ಮೂರಿನ ಕೌನ್ಸಿಲ್ ವರ್ಷವೆಲ್ಲ ಮಾತಾಡುವುದು ನಾಯಿ ಗಲೀಜು, ಬಸ್ ವೇಳೆ, ಕ್ರಿಸ್‌ಮಸ್ ದೀಪ. ನಿಮಗೆ ಮೋಟಾರ್ ರಿವೈಂಡಿಂಗ್ ಬೋರ್ ಆದರೆ ಇಲ್ಲಿ ಬಂದು ಒಂದು ಸಭೆ ಕೂತು ನೋಡಿ.

ಗುಂಡಿ ಮೇಷ್ಟ್ರು

ನಾಯಿ ಅಂದ ಕೂಡಲೇ ನೆನಪಾಯಿತು. ನಮ್ಮ ಬೀದಿಯಲ್ಲಿ...

ತುಂಗೆಯ ದಡ

ಬೇಡ ಮೇಷ್ಟ್ರೇ. ನಾಯಿ ವಿಷಯ ಶುರುವಾದರೆ ಈ ಚರ್ಚೆ ಮುಗಿಯುವುದೇ ಇಲ್ಲ.

ವಾಲ್ವ್ ಕೀ

ನಮಸ್ಕಾರ. ನಾನು ನೀರು ಬಿಡುವವನು, ವಾಟರ್‌ಮನ್. ಮಗಳು ಮೊಬೈಲಿನಲ್ಲಿ ಬರೆದುಕೊಡುತ್ತಿದ್ದಾಳೆ.

ಮೋಟಾರ್ ರಿವೈಂಡಿಂಗ್ ಅಂತ ನಗುತ್ತಿದ್ದೀರಿ. 2024ರ ಬೇಸಿಗೆ ನೆನಪು ಮಾಡಿಕೊಳ್ಳಿ. ಹಿಂದಿನ ವರ್ಷ ಮಳೆ ಕೈಕೊಟ್ಟು 223 ತಾಲ್ಲೂಕು ಬರ ಅಂತ ಘೋಷಣೆ ಆಗಿತ್ತು. ಬೋರಿನಲ್ಲಿ ನೀರು ಇಳಿದಾಗ ಮೋಟಾರ್ ಒಣಗಿ ಓಡುತ್ತದೆ, ಕಾಯಿಲ್ ಸುಡುತ್ತದೆ. ಕರೆಂಟು ಏರಿಳಿತ ಆದರೂ ಸುಡುತ್ತದೆ. ನಾನು ಕೊಳವೆಗೆ ಕೈ ಇಟ್ಟರೆ ಗೊತ್ತಾಗುತ್ತದೆ, ನೀರು ತುಂಬಿ ಬರುತ್ತಿದೆಯಾ ಗಾಳಿ ಹೊಡೆಯುತ್ತಿದೆಯಾ ಅಂತ. ಗಾಳಿ ಹೊಡೆದರೆ ಕೂಡಲೇ ಆಫ್ ಮಾಡಬೇಕು. ಆಗ ಫೋನು ಬರುತ್ತದೆ, 'ನಮ್ಮ ಬೀದಿಗೆ ಇನ್ನೊಂದು ಕೊಡ ಬಿಡಪ್ಪ' ಅಂತ. ಬಿಟ್ಟರೆ ಮೋಟಾರ್ ಹೋಯಿತು. ಬಿಡದಿದ್ದರೆ ನಾನು ಕೆಟ್ಟವನು.

ಬೆಳಗಿನ ಜಾವ ನಾಲ್ಕಕ್ಕೆ ವಾಲ್ವ್ ತಿರುಗಿಸಲು ಹೋಗುತ್ತೇನೆ. ಚೇಂಬರ್ ಒಳಗೆ ಚರಂಡಿ ನೀರು ನಿಂತಿರುತ್ತದೆ. ಅದರೊಳಗೇ ಕಬ್ಬಿಣದ ಕೀ ಇಳಿಸಿ, ಹುಡುಕಿ ಕೂರಿಸಿ, ಎಣಿಸಿಕೊಂಡು ತಿರುಗಿಸಬೇಕು. ಒಂದು ಸುತ್ತು ಜಾಸ್ತಿ ಆದರೆ ತಗ್ಗಿನ ಬೀದಿಗೆ ಎಲ್ಲ ನೀರೂ ಹೋಗುತ್ತದೆ, ಮೇಲಿನ ಬೀದಿಯವರು ಖಾಲಿ ಕೊಡ ಹಿಡಿದು ಬರುತ್ತಾರೆ. ಯಾವ ಬೀದಿಗೆ ಎಷ್ಟು ಹೊತ್ತು ಅನ್ನುವುದಕ್ಕೆ ಬರವಣಿಗೆ ಏನೂ ಇಲ್ಲ. ನನಗಿಂತ ಮೊದಲು ಇದ್ದವರು ಬಾಯಲ್ಲಿ ಹೇಳಿಕೊಟ್ಟದ್ದು.

ಸದಸ್ಯರೆಲ್ಲ ಕೆಟ್ಟವರಲ್ಲ. ನಮ್ಮ ಒಬ್ಬ ಮೇಡಂ ಒಂದು ದಿನ ನಾಲ್ಕು ಗಂಟೆಗೆ ನನ್ನ ಜೊತೆ ಬಂದು ನಿಂತು ನೋಡಿದರು. ಮುಂದಿನ ತಿಂಗಳು ಚೇಂಬರ್ ಎತ್ತರ ಮಾಡಿಸಿದರು.

ನಿವೃತ್ತ ಗುಮಾಸ್ತ

ವಾಲ್ವ್ ಕೀ ಅವರೇ, ನಿಮಗೆ ನಮಸ್ಕಾರ. ಯಾವ ಬೀದಿಗೆ ಎಷ್ಟು ಸುತ್ತು ಅನ್ನುವುದನ್ನು ದಯವಿಟ್ಟು ಮಗಳ ಕೈಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಆಫೀಸಿನಲ್ಲಿ ಆ ಲೆಕ್ಕ ಇರುವುದಿಲ್ಲ.

ಸರೋಜಮ್ಮನ ಮಗಳು

ಮೇಡಂ ಅಂದಿರಲ್ಲ, ಖುಷಿಯಾಯಿತು. ನಮ್ಮೂರಲ್ಲಿ ಮೂರು ಮಹಿಳಾ ಸದಸ್ಯರ ಬದಲು ಗಂಡಂದಿರೇ ಆಫೀಸಿಗೆ ಬಂದು ಕಡತ ತಿರುವುತ್ತಾರೆ. ಸಭೆಯಲ್ಲಿ ಮಾತ್ರ ಅವರು ಕೂರುವ ಹಾಗಿಲ್ಲ, ಹಾಗಾಗಿ ಕಿಟಕಿಯ ಆಚೆ ನಿಂತು ಸನ್ನೆ ಮಾಡುತ್ತಾರೆ.

ಲಾಯರ್ ಗಿರಿಯ ಗೆಳೆಯ

ಕಿಟಕಿಗೆ ಪರದೆ ಹಾಕಿಸುವ ಬಗ್ಗೆ ಒಂದು ಠರಾವು ಆಗಲಿ. ಘಟನೋತ್ತರ ಬೇಡ.

ಹಳೇ ಬಸ್‌ಸ್ಟ್ಯಾಂಡ್

ಚರ್ಚೆ ಇಷ್ಟು ದೂರ ಹೋಗುತ್ತದೆ ಅಂದುಕೊಂಡಿರಲಿಲ್ಲ. ವಾಲ್ವ್ ಕೀ ಅಣ್ಣನ ಮಾತು ಓದಿದ ಮೇಲೆ ನಡಾವಳಿ ಮತ್ತೆ ತೆಗೆದು ನೋಡಿದೆ. ರಿವೈಂಡಿಂಗ್ ಬಿಲ್ಲುಗಳು ಏಪ್ರಿಲ್, ಮೇನಲ್ಲಿ ಒತ್ತಾಗಿವೆ, ಮಳೆ ಹಿಡಿದ ಮೇಲೆ ಕಡಿಮೆ ಆಗಿವೆ. ಅದು ಸರಿ ಹೊಂದುತ್ತದೆ. ಆದರೆ ಬ್ಲೀಚಿಂಗ್ ಪೌಡರ್ ಪ್ರತಿ ತಿಂಗಳೂ ಘಟನೋತ್ತರವೇ, ಪ್ರತಿ ತಿಂಗಳೂ ಒಬ್ಬರೇ ಸರಬರಾಜುದಾರರು.

ಡೆಂಗಿ ಬಗ್ಗೆಯೂ ಒಂದು ವಿಷಯ. ಆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಮರಿ ಕಂಡರೆ ಪಟ್ಟಣದ ಮನೆಗೆ 400 ರೂಪಾಯಿ ದಂಡ ಅಂತ ನಿಯಮ ಮಾಡಿತಲ್ಲ. ನಮ್ಮ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು, 'ಪಂಚಾಯಿತಿ ಚರಂಡಿಯಲ್ಲಿ ಸೊಳ್ಳೆ ಕಂಡರೆ ದಂಡ ಯಾರು ಕಟ್ಟಬೇಕು?' ಅಂತ ಕೇಳಿದ್ದಾರೆ. ಉತ್ತರದ ಜಾಗದಲ್ಲಿ 'ಸಭೆ ಚಹಾ ವಿರಾಮಕ್ಕೆ ಹೋಯಿತು' ಅಂತ ಇದೆ. ಪ್ರಾಮಾಣಿಕವಾಗಿ ಬರೆದ ಗುಮಾಸ್ತರಿಗೆ ನನ್ನ ಸಲಾಂ.

ಗುಂಡಿ ಮೇಷ್ಟ್ರು

ಆ ಸದಸ್ಯರ ವಾರ್ಡಿಗೆ ನಾನು ಮನೆ ಬದಲಾಯಿಸುತ್ತೇನೆ.

ನಿವೃತ್ತ ಗುಮಾಸ್ತ

ಬ್ಲೀಚಿಂಗ್ ಪೌಡರ್‌ಗೆ ಹೀಗೆ ಮಾಡಿ. ದಾಸ್ತಾನು ವಹಿ, ಅಂದರೆ ಸ್ಟಾಕ್ ಬುಕ್ಕಿನ ಆ ವರ್ಷದ ಪ್ರತಿ ಕೇಳಿ. ಎಷ್ಟು ಚೀಲ ಬಂತು, ಎಷ್ಟು ಯಾವ ಟ್ಯಾಂಕಿಗೆ ಹೋಯಿತು ಅಂತ ಅದರಲ್ಲಿ ಇರಬೇಕು. ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ, 150 ಪದ ದಾಟಬೇಡಿ. ಕರ್ನಾಟಕದ ನಿಯಮದಲ್ಲಿ ಆ ಮಿತಿ ಇದೆ, ಅದನ್ನೇ ಹಿಡಿದು ವಾಪಸ್ ಕಳಿಸುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ. ನಡಾವಳಿಯಲ್ಲಿ ಸಿಗುವುದು ಎಲ್ಲರೂ ಒಪ್ಪಿ ಸಹಿ ಹಾಕಿದ ಮಾತು, ವಹಿಯಲ್ಲಿ ಸಿಗುವುದು ಚೀಲ.

ಶೆಟ್ಟರ ಅಂಗಡಿ

ಇನ್ನೊಂದು. ಜನವರಿ ಸುತ್ತಮುತ್ತ ಬಜೆಟ್ ಪೂರ್ವಭಾವಿ ಸಭೆ ಅಂತ ಕರೆಯುತ್ತಾರೆ, ಸಾರ್ವಜನಿಕರ ಸಲಹೆಗೆ. ಈ ಸಾರಿ ನಾನು ಹೋಗಿದ್ದೆ. ಸಾರ್ವಜನಿಕರು ಅಂತ ನಾನು, ಇಬ್ಬರು ಪತ್ರಕರ್ತರು, ಒಂದು ಸಂಘಟನೆಯವರು. ಮಳಿಗೆ ಸೋರುತ್ತದೆ ಅಂದೆ. ಬರೆದುಕೊಂಡರು. ಬಜೆಟ್ ಪುಸ್ತಕದಲ್ಲಿ 'ಮಳಿಗೆ ದುರಸ್ತಿ' ಅಂತ ಒಂದು ತಲೆ ಬಂದಿದೆ. ಕೆಲಸ ಇನ್ನೂ ಆಗಿಲ್ಲ, ಆದರೆ ತಲೆ ಬಂದಿದೆ.

ನಿವೃತ್ತ ಗುಮಾಸ್ತ

ತಲೆ ಬಂತಲ್ಲ, ಇನ್ನು ಕ್ರಿಯಾ ಯೋಜನೆಯಲ್ಲಿ ಸೇರಿತಾ ನೋಡಿಕೊಳ್ಳಿ. ಆಮೇಲೆ ಜೂನಿಯರ್ ಎಂಜಿನಿಯರ್ ಅಂದಾಜು ಪಟ್ಟಿ, ಟೆಂಡರ್, ಕಾರ್ಯಾದೇಶ. ಪ್ರತಿ ಮೆಟ್ಟಿಲಲ್ಲೂ ಕಡತ ಮಲಗುತ್ತದೆ. ತಿಂಗಳಿಗೊಮ್ಮೆ ಹೋಗಿ ಎಬ್ಬಿಸಬೇಕು.

ಮಾರ್ಕೆಟ್ ಅಕ್ಕ

ಲಾಯರ್ ಗೆಳೆಯರು ಹೇಳಿದ ಹಾಗೆ ವ್ಯಾಪಾರ ಸಮಿತಿ ಬಗ್ಗೆ ಅರ್ಜಿ ಕೊಟ್ಟೆ. ಸ್ವೀಕೃತಿ ಸೀಲು ಹಾಕಲು ಮೊದಲು ಒಪ್ಪಲಿಲ್ಲ. ನಾನು ಸೊಪ್ಪಿನ ಬುಟ್ಟಿ ಅಲ್ಲೇ ಟೇಬಲ್ ಪಕ್ಕ ಇಟ್ಟು ಕೂತೆ. ಹಾಕಿದರು.

ಲಾಯರ್ ಗಿರಿಯ ಗೆಳೆಯ

ಆ ಸೀಲಿನ ಪ್ರತಿ ಜೋಪಾನ ಅಕ್ಕ. ಫೋಟೋ ತೆಗೆದೂ ಇಟ್ಟುಕೊಳ್ಳಿ.

ಹೊಸಮನೆ

ಸ್ವಲ್ಪ ವಿಷಯ ಬಿಟ್ಟು ಕೇಳುತ್ತಿದ್ದೇನೆ, ಬೈಯಬೇಡಿ. 2025ರ ಫೆಬ್ರವರಿಯಲ್ಲಿ ಬಿ-ಖಾತಾ, ಅಂದರೆ ಅನಧಿಕೃತ ಲೇಔಟಿನ ಆಸ್ತಿಗೆ ಕೊಡುವ ಖಾತೆಯ ಅಭಿಯಾನ ಅಂತ ಶುರು ಮಾಡಿದರಲ್ಲ, ಆಗ ನಮ್ಮ ತಂದೆ ಆಸ್ಪತ್ರೆಯಲ್ಲಿದ್ದರು, ಅರ್ಜಿ ಹಾಕಲು ಆಗಲಿಲ್ಲ. ರೆವಿನ್ಯೂ ಸೈಟು, ಮನೆ ಕಟ್ಟಿ ಆಗಿದೆ. ಯಾವ ಯಾವ ಕಾಗದ ಬೇಕು?

ತುಂಗೆಯ ದಡ

ನೋಂದಣಿ ಆದ ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಮಾಲೀಕರ ಫೋಟೋ ಮತ್ತು ಗುರುತಿನ ಚೀಟಿ, ಮನೆಯ ಫೋಟೋ, ತೆರಿಗೆ ಕಟ್ಟಿದ್ದರೆ ರಶೀದಿ. ಬಿ-ಖಾತಾಗೆ ಮೊದಲ ಸಾರಿ ದುಪ್ಪಟ್ಟು ತೆರಿಗೆ ಇರುತ್ತದೆ, ದುಡ್ಡು ಹೊಂದಿಸಿಕೊಂಡು ಹೋಗಿ. ಮತ್ತೆ, ಬಿ-ಖಾತಾ ಸಿಕ್ಕಿತು ಅಂದರೆ ಲೇಔಟ್ ಸಕ್ರಮ ಆಯಿತು ಅಂತಲ್ಲ. ಏಜೆಂಟರು ಹಾಗೆ ಹೇಳಿದರೆ ನಂಬಬೇಡಿ. ಈಗ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಕಂದಾಯ ನಿರೀಕ್ಷಕರನ್ನೇ ನೇರ ಕೇಳಿ, ಬಾಗಿಲಲ್ಲಿ ನಿಂತವರನ್ನಲ್ಲ.

ಹೊಸಮನೆ

ಧನ್ಯವಾದ ಸಾರ್. ನಮ್ಮಲ್ಲಿ ಕಂದಾಯ ನಿರೀಕ್ಷಕರು ಯಾವ ದಿನ ಸಿಗುತ್ತಾರೆ ಅನ್ನುವುದೇ ದೊಡ್ಡ ಪ್ರಶ್ನೆ.

ಕೃಷ್ಣಾ ತೀರ

ಸಂತೆಯ ದಿನ ಹೋಗಿ. ಅವರೂ ತರಕಾರಿ ಕೊಳ್ಳಬೇಕಲ್ಲ.